ಅವ್ವನ ಬಾಯಿಂದ ಮಾತು ಕಿತ್ತುಕೊಂಡವರ ಮೇಲೆ ನನಗೆ ಸಿಟ್ಟಿದೆ

ನಿನ್ನೆ ಗೋವಾದ ವಾಸ್ಕೋದಲ್ಲಿ ತಂಗಿ ಮನೆಗೆ ಹೋಗಿದ್ದೆ. ಬಂದಾಗಿನಿಂದ ಹೊಟ್ಟೆಯಲ್ಲಿ ಸಂಕಟ.

ಅವಳ ಮಗನ ವಿಷಯ ನಿಮಗೆಲ್ಲ ಗೊತ್ತಲ್ವಾ. ನಾಲ್ಕು ವರ್ಷ, ಆಟಿಸಂ ಇದೆ (ಮಾತು, ಒಡನಾಟ ಬೇರೆ ರೀತಿ ಬೆಳೆಯುವ ಸ್ಥಿತಿ), ಮಾತು ಇನ್ನೂ ಬಂದಿಲ್ಲ. ಅವನ ಅವ್ವ, ಅಂದರೆ ನನ್ನ ತಂಗಿ, ರೊಟ್ಟಿ ಬಡಿಯಲು ಕೂತರೆ ಪಕ್ಕಕ್ಕೇ ಅಂಟಿಕೊಳ್ಳುತ್ತಾನೆ. ಆ ತಟ್ ತಟ್ ಸದ್ದು ಅವನಿಗೆ ಬಲು ಇಷ್ಟ. 'ಇದು ಅಪ್ಪಾಗ, ಇದು ನಿಂಗ' ಅಂತ ಇವಳು ಮಾತಾಡುತ್ತಲೇ ಇರುತ್ತಿದ್ದಳು. ನಿನ್ನೆ ಅಡುಗೆಮನೆಯಲ್ಲಿ ಮಾತೇ ಇಲ್ಲ. ನಡುವೆ 'ಕಮ್', 'ಸಿಟ್', 'ಈಟ್'. ಅಷ್ಟೇ.

ಥೆರಪಿಯವರು ಹೇಳಿದರಂತೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ, ಎರಡು ಭಾಷೆಯಾದರೆ ಮಗುವಿಗೆ ಗೊಂದಲವಾಗುತ್ತೆ ಅಂತ. ರೋಣದ ಕಡೆ ಏಳನೇ ಕ್ಲಾಸಿನವರೆಗೆ ಓದಿದವಳು ಅವಳು. ಅವಳಿಗೆ ಬರುವ ಇಂಗ್ಲಿಷ್ ಆ ಮೂರು ಮಾತು. ಹಾಗಾದರೆ ದಿನಪೂರ್ತಿ ಮಗುವಿನ ಜೊತೆ ಏನು ಮಾತಾಡಬೇಕು?

'ಅಕ್ಕಾ, ನಾ ಕನ್ನಡ ಮಾತಾಡಿದ್ದಕ್ಕ ಇವಗ ಮಾತು ಬರವಲ್ದೇನ?' ಅಂತ ಕೇಳಿದಳು. ಕೈಯೆಲ್ಲ ಹಿಟ್ಟು, ತೋಳಲ್ಲೇ ಕಣ್ಣು ಒರೆಸಿಕೊಂಡಳು.

ಇಲ್ಲ ಕಣೇ. 2012ರಲ್ಲಿ ಕೆನಡಾದಲ್ಲಿ ಆಟಿಸಂ ಇರುವ 75 ಮಕ್ಕಳನ್ನು ನೋಡಿದರು. ಎರಡು ಭಾಷೆ ಕೇಳಿ ಬೆಳೆದವರ ಮಾತು ಅದರಿಂದ ಇನ್ನಷ್ಟು ಹಿಂದೆ ಬಿದ್ದಿರಲಿಲ್ಲ. ಆಮೇಲಿನ ಅಧ್ಯಯನಗಳೂ ಹೆಚ್ಚಾಗಿ ಇದನ್ನೇ ಹೇಳಿವೆ. ಅಷ್ಟು ದೂರ ಯಾಕೆ, ನಮ್ಮ ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ಒಟ್ಟು 65 ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿ, ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. ದೊಡ್ಡ ತಜ್ಞರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಅಪ್ಪ-ಅವ್ವಂದಿರಿಗೆ ಕಲಿಸಿದರು. ಅಪ್ಪ-ಅವ್ವ ಮಗುವಿನ ಜೊತೆ ಆಡುವುದನ್ನು ವಿಡಿಯೋ ಮಾಡಿ, ಅದನ್ನು ಅವರಿಗೇ ತೋರಿಸಿ, ಮಗು ಏನು ಹೇಳಲು ನೋಡುತ್ತಿದೆ, ಅದಕ್ಕೆ ಹೇಗೆ ಓಗೊಡಬೇಕು ಅಂತ ಕೂತು ಮಾತಾಡಿದರು. ಮಕ್ಕಳು ತಾವಾಗಿಯೇ ಅವರ ಕಡೆ ತಿರುಗುವುದು ಜಾಸ್ತಿಯಾಯಿತು. ಆ ಓಗೊಡುವ ಕೆಲಸವನ್ನು ನನ್ನ ತಂಗಿ 'ಸಿಟ್' ಅನ್ನುವ ಮಾತಲ್ಲಿ ಹೇಗೆ ಮಾಡಬೇಕು?

ಶಾಲೆ ಇಂಗ್ಲಿಷಿನದು, ಈಗಲೇ ರೂಢಿಯಾಗಲಿ ಅಂತ ತಂಗಿಯ ಗಂಡನೂ ಅಂದರು. ಕಲಿಯಲಿ, ಶಾಲೆಯಲ್ಲಿ ಕಲಿಯಲಿ. ಅದಕ್ಕೆ ಮನೆಯ ಮಾತು ಯಾಕೆ ನಿಲ್ಲಬೇಕು? ಥೆರಪಿ ಬೇಡ ಅಂತಲೂ ನಾನು ಹೇಳುತ್ತಿಲ್ಲ. ಬೇಕಾದ್ದನ್ನು ಬೆರಳಲ್ಲಿ ತೋರಿಸುವುದನ್ನು ಅವನು ಅಲ್ಲೇ ಕಲಿತ.

ಒಂದು ಮಾತು ಹೇಳಿಬಿಡುತ್ತೇನೆ. ಕಳೆದ ದೀಪಾವಳಿಗೆ 'ನೀನು ಮೊಬೈಲ್ ಕೊಟ್ಟಿದ್ದಕ್ಕೇ ಹೀಗಾಯ್ತು' ಅಂತ ನಾನೇ ಅವಳಿಗೆ ಅಂದಿದ್ದೆ. ತಪ್ಪು ಮಾಡಿದೆ. ಹಿಂದೆ, 1950–60ರ ದಶಕಗಳಲ್ಲಿ, ತಾಯಿಗೆ ಪ್ರೀತಿ ಸಾಲದ್ದಕ್ಕೇ ಆಟಿಸಂ ಬರುತ್ತದೆ ಅಂತ ದೊಡ್ಡ ದೊಡ್ಡವರೇ ಹೇಳಿದ್ದರು. ಅದು ಸುಳ್ಳು ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಎಷ್ಟು ತಾಯಂದಿರು ತಮ್ಮನ್ನೇ ಬೈದುಕೊಂಡಿರಬೇಕು. ಈಗ ಅದೇ ಹೊರೆಯನ್ನು ಭಾಷೆಯ ಹೆಸರಲ್ಲಿ ಮತ್ತೆ ಹೊರಿಸುತ್ತಿದ್ದೇವೆ.

ಅವಳಿಗೆ ಕ್ಷಮೆ ಕೇಳಿದೆ. 'ನೀ ಮಾತಾಡವ್ವಾ, ಮೊದಲಿನಂಗ ಮಾತಾಡು' ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಹಿಟ್ಟಿನ ಉಂಡೆ ತಗೊಂಡು 'ಇದು ಯಾರಿಗೋ ಅಪ್ಪಿ?' ಅಂದಳು. ಅವನು ಅವಳ ಕೈ ಹಿಡಿದು ಹಿಟ್ಟಿನ ಮೇಲೆ ಇಟ್ಟ.