ಗೆಲ್ಲಿಸಿದವನಿಗೇ ಗೇಟ್‌ಪಾಸ್

ಈಗಷ್ಟೇ ಒಂದು ವಿಡಿಯೋ ನೋಡಿ ತಲೆ ಕೆಟ್ಟಿದೆ. ಅಮೆರಿಕದ ಕಾರ್ ರೇಸ್ ಸರಣಿ ನ್ಯಾಸ್ಕಾರ್‌ನ 2011ರ ಸೀಸನ್ನಿನ ಕೊನೇ ರೇಸು, ಫ್ಲೋರಿಡಾದ ಹೋಮ್‌ಸ್ಟೆಡ್, ಟೋನಿ ಸ್ಟೀವರ್ಟ್ ಚಾಂಪಿಯನ್ ಆದ ರಾತ್ರಿ. ವಿಡಿಯೋ ಮಾಡಿದ ಪುಣ್ಯಾತ್ಮ ಸ್ಟೀವರ್ಟ್‌ನ ಸಿಟ್ಟು, ಹಠ, ಕೈಚಳಕ ಎಲ್ಲವನ್ನೂ ಕೊಂಡಾಡಿದ. ಸೋತ ಕಾರ್ಲ್ ಎಡ್ವರ್ಡ್ಸ್ ಗೆದ್ದಾಗಲೆಲ್ಲ ಕಾರಿನಿಂದ ಹಿಂದಕ್ಕೆ ಲಾಗ ಹಾಕ್ತಿದ್ದ ಅನ್ನೋದನ್ನೂ ಹೇಳಿದ. ಡೇರಿಯನ್ ಗ್ರಬ್ ಅನ್ನೋ ಹೆಸರು ಮಾತ್ರ ಅವನ ಬಾಯಿಗೆ ಒಂದು ಸಲವೂ ಬರಲಿಲ್ಲ.

ನನ್ನ ಹುಚ್ಚು ನಿಮಗೆ ಗೊತ್ತಿರೋದೇ. ಶಾರ್ಲೆಟ್‌ಗೆ ಬಂದಿದ್ದು ಬ್ಯಾಂಕ್ ಕೆಲಸಕ್ಕೆ. ಹತ್ತಿಕೊಂಡಿದ್ದು ಈ ಕಾರಿನ ಚಟ. ಸಂಘದ ಪಾಟ್‌ಲಕ್ ತಪ್ಪಿಸಿ ಭಾನುವಾರ ಟಿವಿ ಮುಂದೆ ಕೂರ್ತೀನಿ ಅಂತ ಬೈಸಿಕೊಂಡಿದ್ದೂ ಗೊತ್ತಿದೆ. ಏನ್ ಮಾಡ್ಲಿ, ದೊಡ್ಡ ತಂಡಗಳ ಗ್ಯಾರೇಜುಗಳೆಲ್ಲ ಇಲ್ಲೇ ಕಾನ್ಕಾರ್ಡ್, ಮೂರ್ಸ್‌ವಿಲ್ ಅಂತ ಮನೆ ಹತ್ತಿರವೇ ಇವೆ. ಹಾಗಾಗಿ ಇವತ್ತು ಸಹಿಸ್ಕೊಳ್ಳಿ, ಸ್ವಲ್ಪ ಉದ್ದ ಆಗುತ್ತೆ.

ಗ್ರಬ್ ಆ ರಾತ್ರಿ ಸ್ಟೀವರ್ಟ್‌ನ ಕ್ರೂ ಚೀಫ್, ಅಂದ್ರೆ ಕಾರನ್ನೂ ಪಿಟ್ ತಂಡವನ್ನೂ ನಡೆಸೋ ಮುಖ್ಯಸ್ಥ. ಚಾಂಪಿಯನ್‌ಶಿಪ್ ಗೆದ್ದ ಕ್ರೂ ಚೀಫ್. ಮುಂದಿನ ವರ್ಷ ನೀನು ಬೇಡ ಅಂತ ಆಗಲೇ ಹೇಳಿಸಿಕೊಂಡಿದ್ದ ಕ್ರೂ ಚೀಫ್. ಗೆದ್ದ ಮೇಲೆ ಅಲ್ಲ ಸ್ವಾಮಿ, ಗೆಲ್ಲೋಕೆ ಮುಂಚೆ! ಕೊನೇ ಹತ್ತು ರೇಸಿನ ಹೋರಾಟ ಇನ್ನೂ ನಡೀತಿರುವಾಗಲೇ ಹೇಳಿಯಾಗಿತ್ತು.

ಆ ವರ್ಷ ಏನಾಯ್ತು ಅಂದ್ರೆ, ಮೊದಲ 26 ರೇಸಿನಲ್ಲಿ ಸ್ಟೀವರ್ಟ್ ಒಂದೂ ಗೆಲ್ಲಲಿಲ್ಲ. ಪ್ಲೇಆಫ್‌ಗೆ (ಕಪ್ ಯಾರಿಗೆ ಅಂತ ತೀರ್ಮಾನಿಸೋ ಆ ಕೊನೇ ಹತ್ತು ರೇಸಿಗೆ) ನಾವು ಹೋದರೂ ಒಂದು ಜಾಗ ದಂಡ ಅನ್ನೋ ಅರ್ಥದಲ್ಲಿ ಅವನೇ ಬಾಯಿಬಿಟ್ಟು ಹೇಳಿದ್ದ. ಆಮೇಲೆ ಉಳಿದ ಹತ್ತರಲ್ಲಿ ಐದು ಗೆದ್ದ. ಶಿಕಾಗೋಲ್ಯಾಂಡ್, ನ್ಯೂ ಹ್ಯಾಂಪ್‌ಶೈರ್, ಮಾರ್ಟಿನ್ಸ್‌ವಿಲ್, ಟೆಕ್ಸಾಸ್, ಹೋಮ್‌ಸ್ಟೆಡ್. ಮೊದಲ ಎರಡು ಗೆಲುವಂತೂ ಪೆಟ್ರೋಲ್ ಉಳಿಸಿ ಗೆದ್ದದ್ದು. 2010ರಲ್ಲಿ ಇದೇ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕೊನೇ ಸುತ್ತಿನಲ್ಲಿ ಸ್ಟೀವರ್ಟ್‌ನ ಟ್ಯಾಂಕ್ ಖಾಲಿಯಾಗಿ ಕ್ಲಿಂಟ್ ಬೋಯರ್ ಗೆದ್ದಿದ್ದ. ಮರುವರ್ಷ ಬೋಯರ್‌ನ ಟ್ಯಾಂಕ್ ಖಾಲಿ, ಸ್ಟೀವರ್ಟ್ ಗೆದ್ದ. ಹೋಮ್‌ಸ್ಟೆಡ್ ಮುಗಿದಾಗ ಸ್ಟೀವರ್ಟ್‌ಗೂ ಎಡ್ವರ್ಡ್ಸ್‌ಗೂ ತಲಾ 2403 ಅಂಕ. ಸರಿಸಮ! ಜಾಸ್ತಿ ರೇಸ್ ಗೆದ್ದವನಿಗೆ ಪಟ್ಟ ಅಂತ ಸ್ಟೀವರ್ಟ್‌ಗೆ ಹೋಯ್ತು. ಆ ಐದರಲ್ಲಿ ಒಂದು ಜಾರಿದ್ರೂ ಕಪ್ ಇಲ್ಲ.

ಪೆಟ್ರೋಲ್ ಉಳಿಸೋದರಲ್ಲಿ ಏನು ಮಹಾ ಅಂತೀರಾ? ಈ ಕಾರುಗಳಲ್ಲಿ ಪೆಟ್ರೋಲ್ ಮುಳ್ಳೇ ಇರಲ್ಲ. ಟ್ಯಾಂಕಿನಲ್ಲಿ ಎಷ್ಟಿದೆ ಅಂತ ಡ್ರೈವರ್‌ಗೆ ಗೊತ್ತಿರಲ್ಲ. ರೇಸಿನ ಮಧ್ಯೆ ಕಾರು ನಿಲ್ಲಿಸಿ ಪೆಟ್ರೋಲ್, ಟೈರ್ ಹಾಕೋ ಪಿಟ್‌ನಲ್ಲಿ ಪೆಟ್ರೋಲ್ ಸುರಿದ ಮೇಲೆ ಕ್ಯಾನನ್ನು ತೂಕ ಹಾಕಿ, ಒಳಗೆ ಎಷ್ಟು ಹೋಯ್ತು, ಗ್ಯಾಲನ್‌ಗೆ ಎಷ್ಟು ಮೈಲಿ ಓಡ್ತಿದೆ, ಇನ್ನೆಷ್ಟು ಸುತ್ತು ಬರುತ್ತೆ ಅಂತ ಲೆಕ್ಕ ಹಾಕೋದು ಪಿಟ್ ಬಾಕ್ಸ್ ಮೇಲೆ ಹೆಡ್‌ಫೋನ್ ಹಾಕ್ಕೊಂಡು ಕೂತ ತಂಡ. ‘ಈಗ ಬಾ’, ‘ಇನ್ನೂ ಓಡಿಸು’ ಅಂತ ಕೊನೆಗೆ ತೀರ್ಮಾನ ಹೇಳೋನು ಕ್ರೂ ಚೀಫ್. ಒಂದು ಸುತ್ತು ತಪ್ಪಿದರೆ ಕಾರು ರಸ್ತೆ ಮಧ್ಯೆ ನಿಲ್ಲುತ್ತೆ, ಇಡೀ ಅಮೆರಿಕ ನೋಡ್ತಿರುತ್ತೆ.

ಇದು ಭಾನುವಾರದ ಕೆಲಸ ಮಾತ್ರ. ಸ್ಪ್ರಿಂಗ್ ಎಷ್ಟು ಗಟ್ಟಿ, ಟೈರಿಗೆ ಎಷ್ಟು ಗಾಳಿ, ಯಾವ ಚಕ್ರದ ಮೇಲೆ ಎಷ್ಟು ಭಾರ, ಎಲ್ಲದಕ್ಕೂ ಹೊಣೆ ಅವನೇ. ರೇಸಿನ ಮಧ್ಯೆ ಡ್ರೈವರ್ ರೇಡಿಯೋದಲ್ಲಿ ‘ಲೂಸ್ ಆಗಿದೆ’ ಅಂತ ಕಿರುಚಿದರೆ ಕಾರಿನ ಹಿಂಭಾಗ ಜಾರ್ತಿದೆ ಅಂತ, ‘ಟೈಟ್’ ಅಂದರೆ ಮುಂಭಾಗ ತಿರುಗ್ತಿಲ್ಲ ಅಂತ. ಆ ಬೈಗುಳದ ಮಧ್ಯೆ ಅಸಲಿ ವಿಷಯ ಹುಡುಕಿ, ನಾಲ್ಕು ಟೈರ್ ಬದಲಾಗೋ ಕೆಲವೇ ಸೆಕೆಂಡಿನಲ್ಲಿ ಒಂದು ಬೋಲ್ಟ್ ಎಷ್ಟು ತಿರುಗಿಸಬೇಕು ಅಂತ ಹೇಳಬೇಕು. ವರ್ಷಕ್ಕೆ ಪಾಯಿಂಟ್ಸ್ ರೇಸುಗಳೇ 36, ಫೆಬ್ರವರಿಯಿಂದ ನವೆಂಬರ್ ತನಕ. ಹೆಂಡತಿ ಮಕ್ಕಳ ಮುಖ ಮಂಗಳವಾರ ನೋಡಿದ್ರೆ ಪುಣ್ಯ.

ಕಾರು ತಪಾಸಣೆಯಲ್ಲಿ ಸಿಕ್ಕಿಬಿದ್ದರೆ? ಡ್ರೈವರ್ ಓಡಿಸ್ತಾನೆ, ಕ್ರೂ ಚೀಫ್ ಮನೆಗೆ ಹೋಗ್ತಾನೆ. ಮದುವೆ ಊಟ ಚೆನ್ನಾಗಿದ್ರೆ ಹೊಗಳಿಕೆ ಹೆಣ್ಣಿನಪ್ಪನಿಗೆ, ಸಾರಿಗೆ ಉಪ್ಪು ಜಾಸ್ತಿ ಆದ್ರೆ ಬೈಗುಳ ಭಟ್ಟರಿಗೆ. ಹಾಗೇ ಇದು.

ಗ್ರಬ್ ಬೆಳಕಿಗೆ ಬಂದಿದ್ದೂ ಹೀಗೇ. ವರ್ಜೀನಿಯಾದ ಫ್ಲಾಯ್ಡ್ ಅನ್ನೋ ಸಣ್ಣ ಊರಿನವನು, ವರ್ಜೀನಿಯಾ ಟೆಕ್‌ನಲ್ಲಿ ಮೆಕ್ಯಾನಿಕಲ್ ಓದಿದವನು. ಜಿಮ್ಮಿ ಜಾನ್ಸನ್‌ನ 48ನೇ ನಂಬರ್ ಕಾರಿಗೆ ಇಂಜಿನಿಯರ್ ಆಗಿದ್ದ. 2006ರ ಡೇಟೋನಾದಲ್ಲಿ ಕಾರಿನ ಹಿಂದಿನ ಕಿಟಕಿ ಹತ್ತಿರ ಏನೋ ಕಿತಾಪತಿ ಮಾಡಿದ್ದಾರೆ ಅಂತ ಕ್ರೂ ಚೀಫ್ ಚಾಡ್ ಕ್ನೌಸ್‌ನನ್ನು ಹೊರಗೆ ಹಾಕಿದರು. ಅವನ ಜಾಗದಲ್ಲಿ ಕೂತವನು ಗ್ರಬ್. ಕೂತವನೇ ಡೇಟೋನಾ 500 ಗೆಲ್ಲಿಸಿಬಿಟ್ಟ! ಆಮೇಲೆ ಲಾಸ್ ವೇಗಸ್ ಕೂಡ. ಕ್ನೌಸ್ ವಾಪಸ್ ಬಂದ, ಇವನು ಸುಮ್ನೆ ಎದ್ದು ಜಾಗ ಬಿಟ್ಟುಕೊಟ್ಟ. 2007ರಲ್ಲಿ ಕೇಸಿ ಮಿಯರ್ಸ್‌ಗೆ ಕ್ರೂ ಚೀಫ್ ಆಗಿ ನಮ್ಮ ಶಾರ್ಲೆಟ್‌ನ ಕೋಕಾ-ಕೋಲಾ 600 ಗೆಲ್ಲಿಸಿದ. ಹೇಗೆ ಅಂತ ಹೇಳಬೇಕಾ? ಪೆಟ್ರೋಲ್ ಲೆಕ್ಕದಲ್ಲಿ. ಮಿಯರ್ಸ್ ಈ ದೊಡ್ಡ ಸರಣಿಯಲ್ಲಿ ಇಡೀ ಜೀವನದಲ್ಲಿ ಗೆದ್ದದ್ದು ಅದೊಂದೇ ರೇಸು.

ಈಗ ಯಾರಾದರೂ ಕಾಮೆಂಟ್‌ನಲ್ಲಿ ‘ಕ್ರೂ ಚೀಫ್‌ಗಳಿಗೂ ಹೆಸರು ಬಂದಿದೆಯಲ್ಲ’ ಅಂತೀರಿ, ಗೊತ್ತು. ಬಂದಿದೆ. ಡೇಲ್ ಇನ್ಮನ್ ಎಂಟು ಚಾಂಪಿಯನ್‌ಶಿಪ್ ಗೆಲ್ಲಿಸಿ ಹಾಲ್ ಆಫ್ ಫೇಮ್‌ಗೆ ಹೋದರು. ಅದರಲ್ಲಿ ಏಳು ರಿಚರ್ಡ್ ಪೆಟ್ಟಿ ಜೊತೆ, ಆ ಪೆಟ್ಟಿ ಇವರಿಗೆ ಸಂಬಂಧಿ. ಜೆಫ್ ಗಾರ್ಡನ್‌ಗೆ ಮೂರು ಗೆಲ್ಲಿಸಿದ ರೇ ಎವರ್ನ್‌ಹ್ಯಾಮ್ ಆಮೇಲೆ ಸ್ವಂತ ತಂಡವನ್ನೇ ಕಟ್ಟಿದ. ಮೇಲೆ ಹೇಳಿದ ಕ್ನೌಸ್, ಜಾನ್ಸನ್ ಜೊತೆ ಏಳು. ಸರಿ. ಆದ್ರೆ 2005ರ ಕೊನೆಯಲ್ಲಿ ಕ್ನೌಸ್, ಜಾನ್ಸನ್ ಜಗಳ ಆಡಿ ಬೇರೆಯಾಗೋ ಮಟ್ಟಕ್ಕೆ ಬಂದಾಗ ಮಾಲೀಕ ರಿಕ್ ಹೆಂಡ್ರಿಕ್ ಏನು ಮಾಡಿದ? ಮಕ್ಕಳ ಹಾಗೆ ಆಡ್ತಿದ್ದೀರಿ ಅಂತ ಇಬ್ಬರನ್ನೂ ಕೂರಿಸಿ ಹಾಲು, ಕುಕೀಸ್ ಇಟ್ಟ. ಮಿಕ್ಕಿ ಮೌಸ್ ತಟ್ಟೆ ಸಮೇತ! ಇಬ್ಬರೂ ಸರಿಹೋದರು, 2006ರಿಂದ ಸತತ ಐದು ಚಾಂಪಿಯನ್‌ಶಿಪ್. ತಾಳ್ಮೆ ತೋರಿಸಿದ ಮಾಲೀಕ ಸಿಕ್ಕಿದ್ರೆ ಯಾವ ಕ್ರೂ ಚೀಫ್ ಬೇಕಾದ್ರೂ ಹೆಸರು ಮಾಡ್ತಾನೆ. ಗ್ರಬ್‌ಗೆ ಯಾರು ಹಾಲು ಕೊಟ್ಟರು?

‘ಸ್ಟೀವರ್ಟ್ ತಂಡದ ಮಾಲೀಕನೂ ಹೌದು, 26 ರೇಸ್ ಗೆಲ್ಲದಿದ್ದರೆ ಯೋಚನೆ ಮಾಡಲೇಬೇಕಲ್ಲ’ ಅನ್ನೋ ವಾದವೂ ಇದೆ. ಇರಲಿ, ಮಾಡಲಿ. ಆದ್ರೆ ಐದು ಗೆದ್ದ ಮೇಲಾದರೂ ‘ಇರಪ್ಪ, ತಪ್ಪಾಯ್ತು’ ಅನ್ನಬಹುದಿತ್ತು, ಅಲ್ವಾ? ಅನ್ನಲಿಲ್ಲ. 1992ರ ಆಲನ್ ಕುಲ್ವಿಕಿ ನಂತರ ಮಾಲೀಕನೇ ಓಡಿಸಿ ಚಾಂಪಿಯನ್ ಆದ ಮೊದಲನೆಯವನು ಅಂತ ಎಲ್ಲರೂ ಚಪ್ಪಾಳೆ ಹೊಡೆದರು. ಸ್ಟೀವರ್ಟ್ ಆ ರಾತ್ರಿ ಓಡಿಸಿದ ರೀತಿಗೆ ನಾನೂ ಕೈ ಮುಗೀತೀನಿ. ಶುರುವಿನಲ್ಲೇ ಗ್ರಿಲ್‌ಗೆ ಏನೋ ಬಡಿದು ತೂತಾಯ್ತು, ಸಾಲಿನ ಕೊನೆಯಿಂದ ಬಂದ, ಒಟ್ಟು 118 ಸಲ ಬೇರೆ ಕಾರು ದಾಟಿದ ಅಂತ ಲೆಕ್ಕ. ಆ ತೂತಿಗೆ ತೇಪೆ ಹಾಕಿಸಿದ್ದು, ಪೆಟ್ರೋಲ್ ಎಳೆದಾಡಿ ಅವನನ್ನು ಮತ್ತೆ ಮುಂದಕ್ಕೆ ತಂದದ್ದು ಕೆಲಸ ಕಳೆದುಕೊಂಡವನು.

ನನಗೆ ಇದು ಇಷ್ಟು ಯಾಕೆ ಚುಚ್ಚುತ್ತೆ ಅಂತ ಹೇಳಿಬಿಡ್ತೀನಿ. ಹಿಂದೊಂದು ಕಂಪನಿಯಲ್ಲಿ ಪ್ರಾಜೆಕ್ಟ್ ಅರ್ಧದಲ್ಲಿರುವಾಗಲೇ ಮ್ಯಾನೇಜರ್ ಕರೆದು, ಮುಂದಿನ ವರ್ಷದ ಟೀಮ್‌ನಲ್ಲಿ ನೀವಿಲ್ಲ ಅಂದಿದ್ದರು. ಅವತ್ತಿಂದ ನಾನು ಐದಕ್ಕೆ ಎದ್ದು ಮನೆಗೆ ಹೋಗ್ತಿದ್ದೆ. ಆಫೀಸಿನಲ್ಲಿ ಕೂತು ರೆಸ್ಯೂಮೆ ತಿದ್ದುತ್ತಿದ್ದೆ. ಅದಕ್ಕೆ ಇವತ್ತಿಗೂ ಬೇಜಾರಿಲ್ಲ. ಗ್ರಬ್ ಜಾಗದಲ್ಲಿ ನಾನಿದ್ದಿದ್ರೆ ಆ ಕಾರು ಟೆಕ್ಸಾಸ್‌ನಲ್ಲೇ ಪೆಟ್ರೋಲ್ ಮುಗಿದು ನಿಂತಿರ್ತಿತ್ತು, ನಾನು ಪಿಟ್ ಬಾಕ್ಸ್ ಮೇಲೆ ಕಾಫಿ ಕುಡೀತಿದ್ದೆ.

ಆಮೇಲೆ? 2012ರಲ್ಲಿ ಗ್ರಬ್ ಜೋ ಗಿಬ್ಸ್ ತಂಡಕ್ಕೆ ಹೋಗಿ ಡೆನ್ನಿ ಹ್ಯಾಮ್ಲಿನ್‌ಗೆ ಐದು ರೇಸ್ ಗೆಲ್ಲಿಸಿದ. ಅದೇ ವರ್ಷ ಹೊಸ ಕ್ರೂ ಚೀಫ್ ಜೊತೆ ಸ್ಟೀವರ್ಟ್ ಗೆದ್ದದ್ದು ಮೂರು. (ಹೌದು, ನನಗೆ ಇದನ್ನು ಬರೆಯುವಾಗ ಖುಷಿಯಾಗ್ತಿದೆ.) 2015ರಲ್ಲಿ ಗ್ರಬ್‌ನ ಡ್ರೈವರ್ ಯಾರು ಗೊತ್ತಾ? ಅದೇ ಕಾರ್ಲ್ ಎಡ್ವರ್ಡ್ಸ್, ಹೋಮ್‌ಸ್ಟೆಡ್‌ನಲ್ಲಿ ಇವನೇ ಸೋಲಿಸಿದ್ದ ಎಡ್ವರ್ಡ್ಸ್! ಇಬ್ಬರೂ ಸೇರಿ ಕೋಕಾ-ಕೋಲಾ 600 ಗೆದ್ದರು, ಮತ್ತೆ ಪೆಟ್ರೋಲ್ ಉಳಿಸಿ. ಡಾರ್ಲಿಂಗ್ಟನ್‌ನ ಸದರ್ನ್ 500 ಗೆದ್ದರು. ವರ್ಷದ ಕೊನೆಗೆ ಗ್ರಬ್ ಔಟ್. ಮತ್ತೆ!

2017ರಲ್ಲಿ ಕೇಸಿ ಕೇನ್‌ಗೆ ಇಂಡಿಯಾನಾಪೊಲಿಸ್‌ನ ಬ್ರಿಕ್‌ಯಾರ್ಡ್ 400 ಗೆಲ್ಲಿಸಿದ ಕ್ರೂ ಚೀಫ್‌ನನ್ನು ಸೀಸನ್ ಮುಗಿಯೋಕೆ ಹತ್ತು ರೇಸ್ ಇರುವಾಗ ಎಬ್ಬಿಸಿದರು. ಆ ಜಾಗಕ್ಕೆ ಬಂದವನು ನಮ್ಮ ಗ್ರಬ್. ನಗಬೇಕೋ ಅಳಬೇಕೋ ಹೇಳಿ. 2018ರಲ್ಲಿ ಹೊಸ ಹುಡುಗ ವಿಲಿಯಂ ಬೈರನ್‌ನನ್ನು ಕೊಟ್ಟರು, ಒಂದು ವರ್ಷಕ್ಕೆ ಅದೂ ಕೈಬಿಟ್ಟಿತು. ಅಲ್ಲಿ ಬಂದು ಕೂತವನು ಚಾಡ್ ಕ್ನೌಸ್. 2006ರಲ್ಲಿ ಬಿಟ್ಟುಕೊಟ್ಟ ಹಾಗೇ ಇನ್ನೊಂದು ಸಲ.

2023ರ ಜುಲೈನಲ್ಲಿ ಶಿಕಾಗೋ ಪಟ್ಟಣದ ಬೀದಿಗಳಲ್ಲೇ ನ್ಯಾಸ್ಕಾರ್ ರೇಸ್ ಮಾಡಿದರು. ನ್ಯೂಜಿಲೆಂಡಿನ ಶೇನ್ ವ್ಯಾನ್ ಗಿಸ್ಬರ್ಗನ್ ಟ್ರ್ಯಾಕ್‌ಹೌಸ್ ತಂಡದ 91ನೇ ನಂಬರ್ ಕಾರಿನಲ್ಲಿ ಮೊದಲ ಸಲ ಓಡಿಸಿ ಗೆದ್ದೇಬಿಟ್ಟ. ಮೊದಲ ರೇಸಿನಲ್ಲೇ ಗೆಲ್ಲೋದು 1963ರಲ್ಲಿ ಜಾನಿ ರುದರ್‌ಫರ್ಡ್ ನಂತರ ಯಾರಿಗೂ ಆಗಿರಲಿಲ್ಲ. ಆಫೀಸಿನಲ್ಲಿ ರೇಸು ನೋಡದವರೂ ಅವನ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಆ 91ರ ಕ್ರೂ ಚೀಫ್ ಡೇರಿಯನ್ ಗ್ರಬ್ ಅಂತ ನಾನು ಹೇಳಿದರೆ ‘ಯಾರದು?’ ಅಂದರು.

ಇನ್ನು ಕೆಳಗೆ ಬಂದು ‘ಅಂಡಾಕಾರದ ಟ್ರ್ಯಾಕಿನಲ್ಲಿ ಬರೀ ಎಡಕ್ಕೆ ತಿರುಗ್ತಾ ಇರೋ ಕಾರಿಗೆ ಇಷ್ಟೆಲ್ಲಾ ಯಾಕೆ’ ಅಂತ ಬರೆಯೋಕೆ ರೆಡಿಯಾಗಿರೋ ಮಹನೀಯರಿಗೆ: ಶಿಕಾಗೋದಲ್ಲಿ ಬಲಕ್ಕೂ ತಿರುಗಬೇಕಿತ್ತು.