ಕಂಪ್ರೆಸರ್ ಕೊಳ್ಳುವ ಮೊದಲು ಹಳೆಯದು ಯಾಕೆ ಸತ್ತಿತು ಕೇಳಿ

ಫ್ರೀಜರ್ ಗಾಡಿಯಲ್ಲಿ ಗ್ಯಾಸನ್ನು ಒತ್ತಿ ತಿರುಗಿಸುವ ಕಂಪ್ರೆಸರ್ ಜಾಮ್ ಆಗುವುದು ಯಾವಾಗ ಗೊತ್ತಾ? ಒಳಗೆ ಮಾಲು ತುಂಬಿರುವಾಗ, ಹೊರಗೆ ಬಿಸಿಲು ಸುಡುವಾಗ. ಖಾಲಿ ನಿಂತ ಗಾಡಿಯಲ್ಲಿ ಕೆಟ್ಟಿದ್ದನ್ನು ನಾನಂತೂ ಕಂಡಿಲ್ಲ. ಇದರಲ್ಲಿ ಹಣೆಬರಹದ ಮಾತೇನೂ ಇಲ್ಲ. ಮೊದಲೇ ಸೋತಿರುವ ಕಂಪ್ರೆಸರ್, ಲೋಡ್ ಜಾಸ್ತಿ ಬಿದ್ದ ದಿನವೇ ಅಲ್ವಾ ಕೈಕೊಡುವುದು?

ಆ ಗಡಿಬಿಡಿಯಲ್ಲಿ ನಾನೂ ಒಮ್ಮೆ ಪೆಟ್ಟು ತಿಂದಿದ್ದೇನೆ. "ನೋಡೋಕೆ ಒಂದೇ ಥರ ಇದೆ, ಹಾಕಿ" ಅಂದರು. ಬ್ರಾಕೆಟ್‌ಗೆ ಸರಿಯಾಗಿ ಕೂತಿತು, ಬೆಲ್ಟೂ ಹೊಂದಿತು. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಗಾಡಿ 24 ವೋಲ್ಟಿನದು, ಕಂಪ್ರೆಸರನ್ನು ಬೆಲ್ಟಿನ ಪುಲ್ಲಿಗೆ ಹಿಡಿಸುವ ಕ್ಲಚ್ಚಿನ ಕಾಯಿಲ್ ಮಾತ್ರ 12 ವೋಲ್ಟಿನದು ಬಂದಿತ್ತು. ಸರಿ, ಕಾಯಿಲ್ ಬದಲಾಯಿಸಿದೆವು. ಮೂರೇ ವಾರಕ್ಕೆ ಕಂಪ್ರೆಸರೇ ಹೋಯಿತು. ಆಮೇಲೆ ನೋಡಿದರೆ, ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಗೆ ಬಿಡುವ ಭಾಗ) ತಂಪು ಮಾಡುವ ಎರಡು ಫ್ಯಾನ್‌ಗಳಲ್ಲಿ ಒಂದು ತಿರುಗುತ್ತಲೇ ಇರಲಿಲ್ಲ. ಮೊದಲನೆಯದನ್ನು ಕೊಂದಿದ್ದೂ ಅದೇ, ಎರಡನೆಯದನ್ನು ಕೊಂದಿದ್ದೂ ಅದೇ. ನಾವು ಹೆಣ ಮಾತ್ರ ಬದಲಾಯಿಸಿದ್ದೆವು.

ಅಂದಿನಿಂದ ನನ್ನ ಅಭಿಪ್ರಾಯ ಇಷ್ಟು: ಕಂಪ್ರೆಸರ್ ತಾನಾಗಿಯೇ ಸಾಯುವುದು ಕಡಿಮೆ. ಗ್ಯಾಸ್ ಸೋರಿ, ಅದರ ಜೊತೆ ತಿರುಗಬೇಕಾದ ಆಯಿಲ್ ವಾಪಸ್ ಬರದೆ ಸಾಯುತ್ತದೆ. ದ್ರವವನ್ನು ಅಳತೆಯಾಗಿ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಹಾಳಾಗಿ, ಆವಿಯ ಬದಲು ದ್ರವವೇ ಒಳಗೆ ನುಗ್ಗಿ ವಾಲ್ವ್ ಪ್ಲೇಟ್ ಒಡೆಯುತ್ತದೆ. ಇಲ್ಲವೇ ಧೂಳು ಮೆತ್ತಿದ ಕಂಡೆನ್ಸರ್‌ನಿಂದ ಒತ್ತಡ ಏರಿ ಬೇಯುತ್ತದೆ. ಇದನ್ನು ಹುಡುಕದೆ ಹೊಸದು ತರುವುದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ಇನ್ನು ಹುಡುಕಾಟದ ವಿಷಯ. ಗಾಡಿಯ ಮಾಡೆಲ್ ಹೇಳಿ ಕಂಪ್ರೆಸರ್ ಕೇಳಬೇಡಿ. ಒಂದೇ ಮಾಡೆಲ್ ಗಾಡಿಗೆ ಬೇರೆ ಬೇರೆ ಕೂಲಿಂಗ್ ಯೂನಿಟ್ ಕೂರಿಸಿರುತ್ತಾರೆ. ಬೇಕಾದ್ದು ಕಂಪ್ರೆಸರ್ ಮೈಮೇಲಿನ ನೇಮ್‌ಪ್ಲೇಟ್. ಅದು ಎಣ್ಣೆ, ಮಣ್ಣು ಮೆತ್ತಿ ಓದಲಾಗದ ಹಾಗೆ ಆಗುವ ಮೊದಲೇ ಫೋಟೋ ತೆಗೆದಿಡಿ. ನನ್ನ ಫೋನಿನಲ್ಲಿ ಮಕ್ಕಳ ಫೋಟೋಗಿಂತ ನೇಮ್‌ಪ್ಲೇಟ್ ಫೋಟೋಗಳೇ ಜಾಸ್ತಿ ಅಂತ ಮನೆಯಲ್ಲಿ ಬೈಸಿಕೊಂಡಿದ್ದೇನೆ. ಬೈಸಿಕೊಂಡರೂ ಪರವಾಗಿಲ್ಲ.

ಟಿಎಂ-16 ಮತ್ತು ಟಿಎಂ-21 ಅನ್ನುವ ಕಂಪ್ರೆಸರ್ ಮಾಡೆಲ್‌ಗಳ ಉದಾಹರಣೆ ನೋಡಿ. ಹೆಸರು ಅಣ್ಣತಮ್ಮಂದಿರ ಹಾಗಿದೆ. ಆದರೆ ಒಂದು ಸುತ್ತಿಗೆ ಮೊದಲನೆಯದು 163 ಸಿಸಿ ಎಳೆದರೆ ಎರಡನೆಯದು 215 ಸಿಸಿ. "ದೊಡ್ಡದು ಹಾಕಿದರೆ ಜಾಸ್ತಿ ತಂಪು" ಅನ್ನುವವರ ಮಾತು ನಂಬಬೇಡಿ. ಕಂಡೆನ್ಸರ್, ವಾಲ್ವ್, ಪೈಪು ಎಲ್ಲವೂ ಚಿಕ್ಕದರ ಅಳತೆಗೆ ಇರುತ್ತವೆ. ಪುಲ್ಲಿಯಲ್ಲಿ ಬೆಲ್ಟ್ ಕೂರುವ ಗೀರು ಎಷ್ಟು, ಅಗಲ ಎಷ್ಟು, ಹೋಸ್ ಹಿಂದಿನಿಂದ ಬರುತ್ತದೋ ಮೇಲಿನಿಂದಲೋ, ಕ್ಲಚ್ ಎಷ್ಟು ವೋಲ್ಟ್, ಇವನ್ನೂ ಬರೆದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಯಾವ ಗ್ಯಾಸ್ ಅನ್ನುವುದು. ಕ್ಯಾಬಿನ್ ಎಸಿಗೆ ಹಾಕುವ ಕಂಪ್ರೆಸರ್ ಇದಕ್ಕೂ ಆಗುತ್ತದೆ ಅಂತ ಕೆಲವರು ಧೈರ್ಯವಾಗಿ ಹೇಳುತ್ತಾರೆ. ಕಂಡೆನ್ಸರ್ 45 ಡಿಗ್ರಿಯಲ್ಲಿ ಇರುವಾಗ ಕ್ಯಾಬಿನ್ ಎಸಿಯ ಆರ್-134ಎ ಗ್ಯಾಸಿನ ಒತ್ತಡ ಸುಮಾರು 11ರಿಂದ 12 ಬಾರ್. ಅದೇ ಬಿಸಿಗೆ ಫ್ರೀಜರ್‌ಗೆ ಹಾಕುವ ಆರ್-404ಎ 20 ಬಾರ್ ಹತ್ತಿರ ಹೋಗುತ್ತದೆ. ಜೊತೆಗೆ ಮೈನಸ್ 18 ಡಿಗ್ರಿಯ ಮಾಲಿನ ಡಬ್ಬಿಯಿಂದ ಗ್ಯಾಸ್ ಎಳೆಯುವುದು, ಮನುಷ್ಯರು ಕೂರುವ ಕ್ಯಾಬಿನ್ ತಂಪು ಮಾಡುವಷ್ಟು ಸುಲಭದ ಕೆಲಸವಲ್ಲ. ಆಯಿಲ್ ಕೂಡ ಬೇರೆ. 404ಎಗೆ ಸಾಮಾನ್ಯವಾಗಿ ಪಿಒಇ, ಗಾಡಿ ಎಸಿಯ 134ಎಗೆ ಪಿಎಜಿ. ಹೊಸದರ ಒಳಗೆ ಯಾವ ಆಯಿಲ್, ಎಷ್ಟು ಇದೆ ಅಂತ ಕೇಳದೆ ಮೇಲಿಂದ ಇನ್ನಷ್ಟು ಸುರಿಯಬೇಡಿ. ಪಿಒಇ ಗಾಳಿಯ ತೇವ ಹೀರಿಕೊಳ್ಳುತ್ತದೆ. ಮುಚ್ಚಳ ತೆಗೆದು ವಾರಗಟ್ಟಲೆ ಇಟ್ಟ ಡಬ್ಬ ಬಳಸಬೇಡಿ.

ರೀಕಂಡಿಷನ್ ಪೀಸ್ ತಗೋಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ದೊಡ್ಡ ಟ್ರೇಲರ್ ಯೂನಿಟ್‌ಗಳ ಪಿಸ್ಟನ್ ಕಂಪ್ರೆಸರ್ ಆದರೆ ಖಂಡಿತ ತಗೊಳ್ಳಿ. ಅವನ್ನು ಬಿಚ್ಚಿ ಬೇರಿಂಗ್, ವಾಲ್ವ್ ಪ್ಲೇಟ್, ಶಾಫ್ಟ್ ಸೀಲ್ ಹಾಕಿ ಮತ್ತೆ ಕಟ್ಟುವಂತೆಯೇ ಮಾಡಿರುತ್ತಾರೆ. ಏನೇನು ಬದಲಾಯಿಸಿದ್ದೀರಿ ಅಂತ ಬರೆದು ಕೊಡಲು ಹೇಳಿ. ವ್ಯಾನಿಗೆ ಹಾಕುವ ಚಿಕ್ಕವನ್ನು ಮಾತ್ರ ನಾನು ಹೊಸದೇ ತರುತ್ತೇನೆ. ಬರೀ ಬಣ್ಣ ಹೊಡೆದ "ರೀಕಂಡಿಷನ್" ಅದರಲ್ಲೇ ಜಾಸ್ತಿ ನೋಡಿದ್ದೇನೆ.

ಮಾರುವವನನ್ನು ಅಳೆಯಲು ನನಗೊಂದು ದಾರಿ ಇದೆ. ನಾನು ಕೇಳುವ ಮೊದಲೇ ಅವನು ಗ್ಯಾಸ್ ಯಾವುದು, ವೋಲ್ಟ್ ಎಷ್ಟು, ಹಳೆಯದು ಹೇಗೆ ಹೋಯಿತು ಅಂತ ಕೇಳಬೇಕು. "ಎಲ್ಲಾ ಗಾಡಿಗೂ ಆಗುತ್ತೆ ಸಾರ್" ಅಂದರೆ ಅಲ್ಲಿಂದ ಎದ್ದು ಬರುತ್ತೇನೆ. ಡ್ರೈಯರ್ (ಗ್ಯಾಸಿನ ತೇವ, ಕಸ ಹಿಡಿಯುವ ಫಿಲ್ಟರ್) ಬದಲಾಯಿಸದಿದ್ದರೆ ವಾರಂಟಿ ಇಲ್ಲ ಅನ್ನುವವನ ಮೇಲೆ ಕೋಪ ಮಾಡಿಕೊಳ್ಳಬೇಡಿ, ಅವನು ಕೆಲಸ ಗೊತ್ತಿರುವವನು. ಜಾಮ್ ಆದ ಕಂಪ್ರೆಸರ್‌ನ ಲೋಹದ ಪುಡಿ ಪೈಪುಗಳಲ್ಲಿ ಕೂತಿರುತ್ತದೆ. ಪೈಪು ತೊಳೆದು, ಡ್ರೈಯರ್ ಬದಲಾಯಿಸಿ, ನೈಟ್ರೋಜನ್ ತುಂಬಿ ಲೀಕ್ ನೋಡಿ, ಸರಿಯಾಗಿ ವ್ಯಾಕ್ಯೂಮ್ ಎಳೆದ ಮೇಲೆಯೇ ಗ್ಯಾಸ್.

ಹಾಂ, ಹಳೆಯದನ್ನು ವಾಪಸ್ ಕೊಡುವ ಮೊದಲು ಅದರ ಆಯಿಲನ್ನು ಒಂದು ಬಿಳಿ ಬಟ್ಟಲಿಗೆ ಬಗ್ಗಿಸಿ ನೋಡಿ. ಕಪ್ಪಗಿದ್ದರೆ ಬೆಂದಿದೆ. ಮಿನುಗುತ್ತಿದ್ದರೆ ಲೋಹ ಸವೆದಿದೆ. ಆಯಿಲೇ ಇಲ್ಲದಿದ್ದರೆ ಹೊಸ ಕಂಪ್ರೆಸರ್ ಪ್ಯಾಕ್ ಬಿಚ್ಚಬೇಡಿ, ಮೊದಲು ಲೀಕ್ ಹುಡುಕಿ.