ಒಗೆದು ಇಸ್ತ್ರಿ ಮಾಡಿದ ನೋಟು

ಹಳೆ ನೋಟು ಕೂಡಿಸುವ ಹುಚ್ಚು ನನಗೆ ಹನ್ನೆರಡು ವರ್ಷದಿಂದ ಇದೆ. ಆದರೂ ಕಳೆದ ತಿಂಗಳು ಆನ್‌ಲೈನ್‌ನಲ್ಲಿ ಒಂದು ನೋಟು ತಗೊಂಡು ಮೋಸ ಹೋದೆ. ಯಾರಿಂದ ಅಂತ ಹೇಳುವುದಿಲ್ಲ, ಹೇಗೆ ಅಂತ ಹೇಳುತ್ತೇನೆ.

1943ರಲ್ಲಿ ಚಲಾವಣೆಗೆ ಬಂದ 2 ರೂಪಾಯಿ ನೋಟು ಅದು. ಬ್ರಿಟಿಷ್ ದೊರೆ ಆರನೇ ಜಾರ್ಜ್ ಚಿತ್ರ, ರಿಸರ್ವ್ ಬ್ಯಾಂಕ್ ಗವರ್ನರ್ ಸಿ.ಡಿ. ದೇಶಮುಖರ ಸಹಿ. ಫೋಟೋದಲ್ಲಿ ಒಂದು ಮಡಿಕೆ ಇಲ್ಲ, ಒಂದು ಕಲೆ ಇಲ್ಲ, ಕೆಳಗೆ 'ಯುಎನ್‌ಸಿ' ಅಂತ ಬರೆದಿದ್ದರು, ಅಂದರೆ ಯಾರ ಕಿಸೆಗೂ ಹೋಗದ ಹೊಚ್ಚಹೊಸ ನೋಟು. 3,200 ರೂಪಾಯಿ ಕೊಟ್ಟೆ.

ಕೈಗೆ ಬಂದಾಗ ಕಾಗದ ಮೆತ್ತಗಿತ್ತು. ಬಳಸದ ನೋಟು ಖಡಕ್ ಇರಬೇಕು, ಅಲ್ವಾ? ಹುಬ್ಬಳ್ಳಿ ದುರ್ಗದಬೈಲ್ ಹತ್ತಿರ ನಾನು ಕಾಕಾ ಅಂತ ಕರೆಯುವ ಹಿರಿಯರೊಬ್ಬರಿದ್ದಾರೆ, ನನಗೆ ಈ ವಿದ್ಯೆ ಕಲಿಸಿದವರು. ಅವರ ಮನೆಗೆ ಹೋದೆ. ಕಾಕಾ ಕೋಣೆಯ ಲೈಟ್ ಆರಿಸಿ, ಟಾರ್ಚನ್ನು ಟೇಬಲ್ ಮೇಲೆ ಮಲಗಿಸಿ ಹಚ್ಚಿದರು. ಅಡ್ಡ ಬೆಳಕಿನಲ್ಲಿ ನೋಟಿನ ನಡುವೆ ಒಂದು ಗೆರೆ ಎದ್ದಿತು, ಅದರ ಆಚೆ ಈಚೆ ಇನ್ನೆರಡು. ಫೋಟೋದಲ್ಲಿ ಇವು ಒಂದೂ ಇರಲಿಲ್ಲ. ಆಮೇಲೆ ಯುವಿ, ಅಂದರೆ ನೇರಳಾತೀತ ಬೆಳಕಿನ ಟಾರ್ಚ್ ಹಿಡಿದರು. ನನ್ನ ನೋಟು ನೀಲಿಯಾಗಿ ಹೊಳೆಯಿತು. ಪಕ್ಕಕ್ಕೆ ತಮ್ಮ ಆಲ್ಬಮ್ಮಿನ ಅದೇ ನೋಟು ಇಟ್ಟರು, ಅದು ಮಂಕಾಗಿಯೇ ಇತ್ತು.

"ತಮ್ಮಾ, ಇದನ್ನ ಸೋಪಿನ ಪುಡ್ಯಾಗ ಒಗದು ಇಸ್ತ್ರಿ ಮಾಡ್ಯಾರ ನೋಡು. ನೋಟು ಖರೇನ ಐತಿ. ಕಿಮ್ಮತ್ತು ಹೋತು."

ನೋಟಿನ ಕಾಗದ ಹತ್ತಿಯದು, ಯುವಿ ಬೆಳಕಿಗೆ ಹಾಗೆ ಹೊಳೆಯುವುದಿಲ್ಲ. ಸೋಪಿನ ಪುಡಿಯಲ್ಲಿ ಬಟ್ಟೆ ಬೆಳ್ಳಗೆ ಕಾಣಲಿ ಅಂತ ಹಾಕುವ ರಾಸಾಯನಿಕ ಹೊಳೆಯುತ್ತದೆ. ನಾವೆಲ್ಲ ಖೋಟಾ ನೋಟಿಗೆ ಹೆದರುತ್ತೇವೆ, ವಾಟರ್‌ಮಾರ್ಕ್ ನೋಡಿ ಸಮಾಧಾನ ಆಗುತ್ತೇವೆ. ಒಗೆದ ನೋಟಿನಲ್ಲಿ ವಾಟರ್‌ಮಾರ್ಕೂ ಸರಿ ಇರುತ್ತದೆ, ನಂಬರೂ ಸರಿ ಇರುತ್ತದೆ. ಅದಕ್ಕೇ ನನಗೆ ಇದು ಖೋಟಾಗಿಂತ ಕೆಟ್ಟದ್ದು ಅನಿಸುತ್ತದೆ. ಎಂಬತ್ತು ವರ್ಷ ಎಷ್ಟೋ ಕೈ ದಾಟಿ ಉಳಿದ ಕಾಗದವನ್ನು ನಾಲ್ಕು ಕಾಸಿಗಾಗಿ ನೀರಿಗೆ ಹಾಕುತ್ತಾರಲ್ಲ, ಹೊಟ್ಟೆ ಉರಿಯುತ್ತದೆ.

ಪಿನ್ ತೂತು ಇದ್ದರೆ ಹೆದರಬೇಡಿ. ಆಗೆಲ್ಲ ಬ್ಯಾಂಕಿನವರು ನೋಟಿನ ಕಟ್ಟಿಗೆ ಪಿನ್ ಹೊಡೆಯುತ್ತಿದ್ದರು, 2001ರಲ್ಲಿ ರಿಸರ್ವ್ ಬ್ಯಾಂಕ್ ನಿಲ್ಲಿಸಿ ಅನ್ನುವವರೆಗೂ ಇದು ನಡೆದಿತ್ತು. ಅಂಟು ಹಚ್ಚಿ ತೂತು ಮುಚ್ಚಿದ ನೋಟಿಗಿಂತ ತೂತಿರುವ ನೋಟೇ ವಾಸಿ.

ಇನ್ನು ಬೆಲೆ. ಗದಗಿನಲ್ಲಿರುವ ನಮ್ಮ ಸೋದರಮಾವ ಫೋನ್ ಮಾಡಿ, "ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿಗೆ 5 ಲಕ್ಷ ಕೊಡ್ತಾರಂತ, ಮೊದಲ 2,000 ಫೀ ಕಟ್ಟಬೇಕಂತ" ಅಂದರು. ಮಾವಾ, ಕಟ್ಟಬ್ಯಾಡ್ರಿ ಅಂತ ಅಲ್ಲೇ ತಡೆದೆ. ಆ ನೋಟು ಮನೆಮನೆಯಲ್ಲೂ ಇದೆ. ಇಂಥ ಕೊಡುಕೊಳ್ಳುವಿಕೆಗೆ ತಾನು ಯಾವ ಫೀ, ಕಮಿಷನ್ನೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಹೇಳಿದೆ. ನಂಬರಿನ ಜೊತೆ ನಕ್ಷತ್ರ ಇರುವ ನೋಟಿನ ಕಥೆಯೂ ಅಷ್ಟೇ. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲು ಕಟ್ಟಿಗೆ ಸೇರಿಸುವ ನೋಟು ಅದು, ಅಂಗಡಿಯಲ್ಲಿ ಬೇರೆ ನೋಟಿನ ಹಾಗೇ ನಡೆಯುತ್ತದೆ. ಸಂಗ್ರಹ ಮಾಡುವವರು ಕೆಲವು ಸರಣಿಗೆ ಸ್ವಲ್ಪ ಜಾಸ್ತಿ ಕೊಡಬಹುದು, ಲಕ್ಷದ ಮಾತು ಸುಳ್ಳು. ಯಾರೋ ಜಾಹೀರಾತಿನಲ್ಲಿ ಕೇಳಿದ್ದು ಬೆಲೆ ಅಲ್ಲ, ಹರಾಜಿನಲ್ಲಿ ಇನ್ನೊಬ್ಬರು ದುಡ್ಡು ಎಣಿಸಿ ಕೊಟ್ಟದ್ದು ಬೆಲೆ. ಹರಾಜು ಸಂಸ್ಥೆಗಳು ಅದನ್ನು ಆನ್‌ಲೈನ್‌ನಲ್ಲೇ ಹಾಕಿರುತ್ತವೆ, ಹತ್ತು ನಿಮಿಷ ಹುಡುಕಿ.

ಹಾಗೇ ರದ್ದಾದ ಹಳೆ 500, 1000ದ ನೋಟು ಕಟ್ಟುಗಟ್ಟಲೆ ಮಾರುವವರಿಂದ ದೂರ ಇರಿ. 2017ರ ಕಾನೂನು ಪ್ರಕಾರ ಸಂಗ್ರಹಕ್ಕೂ 25 ನೋಟಿಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ.

ನಾನೀಗ ದುಡ್ಡು ಕಳಿಸುವ ಮೊದಲು ಮೂರು ಫೋಟೋ ಕೇಳುತ್ತೇನೆ: ಅಡ್ಡ ಬೆಳಕಿನದು, ಬೆಳಕಿಗೆ ಎತ್ತಿ ಹಿಡಿದದ್ದು, ಯುವಿ ಕೆಳಗಿನದು. ಮೊನ್ನೆ ಒಬ್ಬರಿಗೆ ಕೇಳಿದೆ, ನನ್ನನ್ನು ಬ್ಲಾಕ್ ಮಾಡಿದರು. ಹಾವೇರಿಯ ಇನ್ನೊಬ್ಬರು ಮೂರನ್ನೂ ಕಳಿಸಿ, "ನಡುವೆ ಒಂದು ಮಡಿಕೆ ಐತ್ರಿ, ನೋಡಿ ರೇಟು ಹೇಳ್ರಿ" ಅಂದರು. ಅವರ ನೋಟು ತಗೊಂಡೆ.